ನಾಲ್ಕನೆಯ ಗುಂಡಿ

ಅವರ ಬಲಗಾಲಿನ ಕಾಲುಚೀಲದಲ್ಲಿ ಹೆಬ್ಬೆರಳಿಗೆ ಮಾತ್ರ ಒಂದು ತೂತು ಇರುತ್ತಿತ್ತು. ಹರಿದು ಆದದ್ದಲ್ಲ, ಕತ್ತರಿಯಿಂದ ದುಂಡಗೆ ಕತ್ತರಿಸಿ, ಅಂಚು ಬಿಚ್ಚದಂತೆ ಸುತ್ತಲೂ ಹೊಲಿದ ತೂತು. ಅದರಿಂದ ಹೊರಬಂದ ಹೆಬ್ಬೆರಳು ಅಗಲವಾಗಿ, ಉಗುರು ಒಂದು ಕಡೆ ಕಪ್ಪಾಗಿ, ಉಳಿದ ಬೆರಳುಗಳಿಂದ ಸ್ವಲ್ಪ ದೂರ ನಿಂತಿರುತ್ತಿತ್ತು. ನೆಲದ ಮೇಲಿಟ್ಟ, ಗಿಟಾರಿನ ದನಿ ಬದಲಿಸುವ ಫುಟ್ ಕಂಟ್ರೋಲರಿನ ಗುಂಡಿಗಳನ್ನು ಅವರು ಆ ಒಂದೇ ಬೆರಳಿನಿಂದ ಒತ್ತುತ್ತಿದ್ದರು. "ಬೂಟು ಹಾಕ್ಕೊಂಡ್ರ ಸ್ವಿಚ್ ಒತ್ತಿದ್ದು ಗೊತ್ತಾಗ್ತದ. ಎಷ್ಟು ಒತ್ತಿದೆ ಅನ್ನೂದು ಗೊತ್ತಾಗೂದಿಲ್ಲ" ಎನ್ನುತ್ತಿದ್ದರು.

ನಾನು ಅವರನ್ನು ಅಂಕಲ್ ಎಂದು ಕರೆಯುತ್ತಿದ್ದೆ. ಧಾರವಾಡದವರು. ಅಮೆರಿಕದ ಹ್ಯೂಸ್ಟನ್ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದು, ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಬಂದಿದ್ದರು. ನಮ್ಮ ಮನೆಯಿಂದ ಮೂರನೆಯ ಮನೆ. ಕಾಲೇಜಿನಿಂದಲೂ ಗಿಟಾರ್ ನುಡಿಸಿದವರು. ಕತ್ತಿನ ಆಪರೇಷನ್ ಆದ ನಂತರ ಎಡಗೈಯ ಎರಡು ಬೆರಳುಗಳಿಗೆ ತಂತಿ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ತಮ್ಮ ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟರಂತೆ. ಆ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಚಹಾ ಲೋಟವನ್ನು ಮಾತ್ರ ಯಾವಾಗಲೂ ಬಲಗೈಯಲ್ಲೇ ಹಿಡಿಯುತ್ತಿದ್ದರು.

ಪರಿಚಯವಾದದ್ದು ಒಂದು ಶನಿವಾರ ಬೆಳಿಗ್ಗೆ, ನಮ್ಮ ಗರಾಜಿನಲ್ಲಿ. ನಾನು ಆಗಷ್ಟೇ ಒಂದು ಆಂಪ್ ಮಾಡೆಲರ್ ತಂದಿದ್ದೆ. ಹಳೆಯ ದೊಡ್ಡ ಆಂಪ್ಲಿಫೈಯರುಗಳ ದನಿಗಳನ್ನೆಲ್ಲ ಕಂಪ್ಯೂಟರಿನ ಲೆಕ್ಕದಿಂದ ಅನುಕರಿಸುವ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಅದು. ಅದರ ಜೊತೆಗೆ ಕಾಲಲ್ಲಿ ದನಿ ಬದಲಿಸುವ ಗುಂಡಿಗಳ ಹಲಗೆ. ಎಲ್ಲ ಎಫೆಕ್ಟುಗಳನ್ನೂ ಒಟ್ಟಿಗೆ ಹಾಕಿಕೊಂಡು, ಗವಿಯೊಳಗೆ ಕೂತು ನುಡಿಸಿದಂತೆ ನುಡಿಸುತ್ತಿದ್ದೆ. ಒಳಗಿದ್ದ ಹೆಂಡತಿಗೆ ನಾನು ಕನ್ನಡದಲ್ಲಿ ಏನೋ ಕೂಗಿದ್ದು ಅವರ ಕಿವಿಗೆ ಬಿದ್ದಿರಬೇಕು. ವಾಕಿಂಗ್ ಹೊರಟಿದ್ದವರು ಡ್ರೈವ್‌ವೇಯಲ್ಲಿ ನಿಂತು ಕೇಳಿದರು:

"ಸಾರಿಗೆ ಎಷ್ಟು ನೀರು ಹಾಕೀರಿ?"

ನನಗೆ ಅರ್ಥವಾಗಲಿಲ್ಲ. ಅವರು ಒಳಗೆ ಬಂದು, ಶೂ ಕಳಚಿ, ಪ್ರತಿಧ್ವನಿಯನ್ನು ಅರ್ಧಕ್ಕರ್ಧ ಇಳಿಸಿದರು. "ಈಗ ಒಂದ ಸ್ವರ ಬಾರಸ್ರಿ" ಎಂದರು. ಬಾರಿಸಿದೆ. ಸ್ವರ ಗರಾಜಿನ ಆ ತುದಿಯವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಇದ್ದು ಕರಗಿತು. "ದನಿ ಬಿಡೂದು ಸಸಾರ. ನಿಂದರಸೂದು ಕಷ್ಟ" ಎಂದರು. ಮುಂದಿನ ಶನಿವಾರದಿಂದ ನನ್ನನ್ನು 'ತಮ್ಮಾ' ಎಂದು ಕರೆಯತೊಡಗಿದರು.

ನಮ್ಮದೊಂದು ಸಣ್ಣ ಗುಂಪಿತ್ತು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಒಬ್ಬ ಡಾಕ್ಟರ್ ಹಾಡುತ್ತಿದ್ದರು, ಮೈಸೂರಿನವರು. ಆಸ್ಟಿನ್‌ನ ಗೆಳೆಯನೊಬ್ಬ ತಬಲಾ. ನಾನು ಗಿಟಾರ್. ವಚನಗಳನ್ನೂ ಭಾವಗೀತೆಗಳನ್ನೂ ಹಾಡುವಾಗ ಹಿಂದೆ ತೆಳ್ಳಗೆ ಹರಡಿಕೊಂಡಿರುವ ಒಂದು ನಾದ ಬೇಕು ಎಂಬುದು ನನ್ನ ಆಸೆ. ಅದನ್ನು ನಿಜ ಮಾಡಿದವರು ಅಂಕಲ್. ಡಾಕ್ಟರ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ರೆಕಾರ್ಡಿಂಗ್ ಕೇಳಿ ಕೇಳಿ ಗುರುತು ಹಾಕಿಕೊಂಡರು. ಪ್ರತಿಧ್ವನಿ ಆ ಉಸಿರಿನ ಸಂದಿಯಲ್ಲೇ ಬಂದು ಬೀಳುವಂತೆ ಸಮಯ ಹೊಂದಿಸಿದರು. ಮಾತು ಮುಚ್ಚಿಹೋಗಬಾರದೆಂದು ಅದರ ಕೆಳಸ್ವರಗಳನ್ನು ತೆಗೆದರು. ಆದರೆ ತಂತಿಯ ಮೇಲೂ ಗಮನವಿಟ್ಟು ಕಾಲಿನ ಮೇಲೂ ಗಮನವಿಡುವುದು ನನ್ನಿಂದ ಆಗುತ್ತಿರಲಿಲ್ಲ. ಕೊನೆಗೆ ಡಾಕ್ಟರೇ, "ಅಂಕಲ್, ನೀವೇ ಸ್ಟೇಜ್ ಮೇಲೆ ಬಂದು ಕೂತ್ಕೊಂಡ್ಬಿಡಿ" ಎಂದರು.

ಹಾಗೆ ನನ್ನ ಕೈ, ಅವರ ಕಾಲು. ನನ್ನ ಎಡಕ್ಕೆ ಒಂದು ಕುರ್ಚಿ ಹಾಕಿಕೊಂಡು ಕೂರುವರು. ವಾಲ್ಯೂಮಿನ ಪೆಡಲನ್ನು ಅಂಗಾಲಿನಿಂದ ಎಷ್ಟು ನಿಧಾನವಾಗಿ ಒತ್ತುವರೆಂದರೆ, ದನಿ ಯಾವಾಗ ಶುರುವಾಯಿತೆಂದು ನನಗೇ ತಿಳಿಯುತ್ತಿರಲಿಲ್ಲ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಂದು ಎರಡು ವರ್ಷ ಓಡಾಡಿದೆವು. ದಾರಿಯಲ್ಲಿ ಅವರು ಸ್ಟೀಲ್ ಡಬ್ಬಿ ಬಿಚ್ಚಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಕೊಡುವರು. ಕಾರಿನಲ್ಲಿ ಹಾಡು ಹಾಕಲು ಬಿಡುತ್ತಿರಲಿಲ್ಲ. "ಕಾಂಕ್ರೀಟ್ ರೋಡಿನ ಸಪ್ಪಳ ಕೇಳು. ಡಾಂಬರು ಬಂದ್ರ ಹೆಂಗ ಬದಲಾಗ್ತದ ನೋಡು." ಒಮ್ಮೆ ಅವರ ಮಗಳು ನನ್ನ ಹೆಂಡತಿಗೆ ಹೇಳಿದಳಂತೆ: "ಅಮ್ಮ ಹೋದ್ಮೇಲೆ ಅಪ್ಪ ನಕ್ಕಿದ್ದು ನಿಮ್ಮ ಗರಾಜಿನಾಗ ರೀ."

ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಒಂದು ಚೀಟಿ ತೆಗೆದು ಓದುವುದು ಅವರ ಅಭ್ಯಾಸ. ಯಾವ ಗುಂಡಿಯಲ್ಲಿ ಯಾವ ದನಿ ಇದೆ ಎಂಬ ಪಟ್ಟಿ. ಅವರು ಓದಬೇಕು, ನಾನು ಹೂಂ ಅನ್ನಬೇಕು. ಎಲ್ಲ ಗೊತ್ತಿದ್ದದ್ದೇ ಆದರೂ ಬಿಡುತ್ತಿರಲಿಲ್ಲ. "ಗೊತ್ತಿದ್ದದ್ದೇ ಕೈ ಕೊಡ್ತದ ತಮ್ಮಾ."

ಆಸ್ಟಿನ್‌ನಲ್ಲಿ ಯುಗಾದಿ ಕಾರ್ಯಕ್ರಮ. ಅದರ ಹಿಂದಿನ ಸಂಜೆ ನಾನು ಮನೆಯಲ್ಲಿ ಒಂದು ಹೊಸ ದನಿ ಮಾಡುತ್ತಿದ್ದೆ. ಕರ್ಕಶವಾದ, ಒಂದರ ಮೇಲೊಂದು ಪ್ರತಿಧ್ವನಿ ಬೆಳೆಯುತ್ತಲೇ ಹೋಗುವ ದನಿ. ನನ್ನ ಆಫೀಸಿನ ಗೆಳೆಯರ ಬ್ಯಾಂಡಿಗೆಂದು. ಅದನ್ನು ನಾಲ್ಕನೆಯ ಗುಂಡಿಗೆ ಉಳಿಸಿದೆ. ಅಲ್ಲಿದ್ದದ್ದು ಅಂಕಲ್ ವಾರಗಟ್ಟಲೆ ಕೂತು ಮಾಡಿದ ದನಿ, ವಚನ ಮುಗಿದ ಮೇಲೆ ಗಾಳಿಯಲ್ಲಿ ನಿಲ್ಲುವಂಥದ್ದು. ಅದರ ಪ್ರತಿ ಲ್ಯಾಪ್‌ಟಾಪಿನಲ್ಲಿತ್ತು, ಬೆಳಿಗ್ಗೆ ಮತ್ತೆ ಹಾಕಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಮರೆತೆ.

ಆಸ್ಟಿನ್‌ನಲ್ಲಿ ಊಟ ತಡವಾಗಿ ಸೌಂಡ್ ಚೆಕ್‌ಗೆ ಸಮಯ ಸಿಗಲಿಲ್ಲ. ಪರದೆಯ ಹಿಂದೆ ನಿಂತೇ ಅಂಕಲ್ ಚೀಟಿ ತೆಗೆದರು.

"ಒಂದನೇದ್ದು, ಬರೇ ಗಿಟಾರ್."

"ಹೂಂ."

"ಎರಡನೇದ್ದು..."

"ಅಂಕಲ್, ಎಲ್ಲ ಹಾಗೇ ಇದೆ. ಕರೀತಿದಾರೆ, ನಡೀರಿ."

ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು.

ಡಾಕ್ಟರ್ ಅವತ್ತು ಬಹಳ ಚೆನ್ನಾಗಿ ಹಾಡಿದರು. ವಚನದ ಕೊನೆಯ ಸಾಲು ಮುಗಿಯಿತು. ತುಂಬಿದ ಸಭಾಂಗಣ ನಿಶ್ಶಬ್ದ. ನಾನು ಒಂದು ಸ್ವರ ಹಿಡಿದೆ, ಅಂಕಲ್ ನಾಲ್ಕನ್ನು ಒತ್ತಿದರು. ಸ್ಪೀಕರುಗಳಿಂದ ಬಂದದ್ದು ತಗಡು ಹರಿದಂಥ ಸದ್ದು. ಮರುಕ್ಷಣ ಅದೇ ಸದ್ದು ಎರಡಾಗಿ, ನಾಲ್ಕಾಗಿ ಮೇಲೇರಿತು. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಡಾಕ್ಟರ್ ಬೆಚ್ಚಿ ಹಿಂದಕ್ಕೆ ಸರಿದರು. ಅಂಕಲ್ ಬಗ್ಗಿ, ಗುಂಡಿಗಳನ್ನು ಕಣ್ಣಿನಿಂದ ಎಣಿಸುತ್ತಿದ್ದರು.

ನಾನು ಪೆಟ್ಟಿಗೆಯ ಪರದೆ ನೋಡಿದೆ. ಅಲ್ಲಿ ಹೊಸ ದನಿಗೆ ನಾನೇ ಕೊಟ್ಟ ಹೆಸರು ಹೊಳೆಯುತ್ತಿತ್ತು. ಎಲ್ಲವೂ ಆ ಕ್ಷಣದಲ್ಲೇ ತಿಳಿಯಿತು. ಇದನ್ನು ಸ್ಪಷ್ಟವಾಗಿ ಹೇಳಬೇಕು: ಮೈಕ್ ಹಿಡಿಯುವ ಮೊದಲೇ ನನಗೆ ಗೊತ್ತಿತ್ತು. ದನಿ ನಿಲ್ಲಿಸಿ, ಮೈಕ್ ಹತ್ತಿರಕ್ಕೆ ಎಳೆದುಕೊಂಡು, ನಗುತ್ತಾ ಹೇಳಿದೆ:

"ಕ್ಷಮಿಸಿ, ನಮ್ಮ ಅಂಕಲ್ ಕಾಲು ಸ್ವಲ್ಪ ತಪ್ತು!"

ಇಡೀ ಸಭೆಯೇ ನಕ್ಕಿತು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. ಯಾರೋ ಚಪ್ಪಾಳೆ ಕೂಡ ತಟ್ಟಿದರು. ಅಂಕಲ್ ತಲೆ ಎತ್ತಿ ನನ್ನನ್ನು ನೋಡಲಿಲ್ಲ. ತಮ್ಮ ಕಾಲನ್ನೇ ನೋಡುತ್ತಿದ್ದರು.

ವಾಪಸು ಬರುವಾಗ ಅಂಕಲ್ ರೊಟ್ಟಿಯ ಡಬ್ಬಿ ಬಿಚ್ಚಲಿಲ್ಲ. ಅರ್ಧ ದಾರಿಯಲ್ಲಿ ಒಂದೇ ಮಾತು: "ನಾ ನಾಕನೇದ್ದೇ ಒತ್ತಿದ್ದೆ ಅನಸ್ತದ."

"ಬಿಡಿ ಅಂಕಲ್, ಆಗುತ್ತೆ" ಎಂದೆ. ನಾನು ಆಡಿದ ಮಾತುಗಳಲ್ಲಿ ಇದಕ್ಕಿಂತ ಕೀಳಾದದ್ದು ಇನ್ನೊಂದಿಲ್ಲ. ಮೈಕಿನಲ್ಲಿ ಹೇಳಿದ್ದು ಗಾಬರಿಯಲ್ಲಿ ಎನ್ನಬಹುದು. ಕಾರಿನಲ್ಲಿ ಗಾಬರಿ ಇರಲಿಲ್ಲ. ಮನೆಗೆ ಹೋಗಿ, ಹಳೆಯ ದನಿಯನ್ನು ನಾಲ್ಕನೆಯ ಗುಂಡಿಗೆ ಹಾಕಿಟ್ಟೆ.

ಮುಂದಿನ ಕಾರ್ಯಕ್ರಮದ ಮಾತು ಬಂದಾಗ ಡಾಕ್ಟರ್ ಫೋನಿನಲ್ಲಿ, "ಪಾಪ, ಅಂಕಲ್‌ಗೆ ಸ್ಟ್ರೈನ್ ಮಾಡೋದು ಬೇಡ. ನೀವೇ ಮ್ಯಾನೇಜ್ ಮಾಡ್ತೀರಲ್ವಾ?" ಎಂದು ಕೇಳಿದರು. ಮ್ಯಾನೇಜ್ ಮಾಡುತ್ತೇನೆ ಎಂದೆ. ಅಂಕಲ್ ಶನಿವಾರ ಬರುವುದು ನಿಂತಿತು. ನಾನೂ ಹೋಗಿ ಕರೆಯಲಿಲ್ಲ. ಗರಾಜಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡತೊಡಗಿದೆ.

ಎರಡು ತಿಂಗಳಾದ ಮೇಲೆ ಅವರ ಮಗಳು ಅಂಗಡಿಯಲ್ಲಿ ಸಿಕ್ಕಳು. ಕರಿಬೇವು ಆರಿಸುತ್ತಾ ಹೇಳಿದಳು: "ಅಪ್ಪ ನ್ಯೂರಾಲಜಿಸ್ಟ್ ಹತ್ರ ಹೋಗ್ಲಿಕ್ಕೆ ಹತ್ಯಾರ್ರೀ. ಕೈಗೆ ಬಂದದ್ದು ಕಾಲಿಗೂ ಬಂತು ಅಂತಾರ. ದಿನಾ ಅಡಿಗಿ ಮನ್ಯಾಗ ನೆಲದ ಮ್ಯಾಲೆ ಚಾಕ್‌ನಿಂದ ಗೆರಿ ಹಾಕ್ಕೊಂಡು, ಕಣ್ಣು ಮುಚ್ಚಿ ಬೆರಳು ಇಟ್ಟು ನೋಡ್ತಾರ. ಟೆಸ್ಟ್ ಎಲ್ಲಾ ನಾರ್ಮಲ್ ಅದ. ಆದ್ರೂ ನಂಬಿಕಿ ಇಲ್ಲ. ಕಾರ್ ಡ್ರೈವ್ ಮಾಡೂದೂ ಬಿಟ್ರು."

ಸಾಮಾನು ಅಲ್ಲೇ ಬಿಟ್ಟು ನೇರ ಅವರ ಮನೆಗೆ ಹೋದೆ. ಅಂಕಲ್ ಊಟದ ಟೇಬಲ್ಲಿನ ಹತ್ತಿರ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ಹಿಂದಿನ ಸಂಜೆಯದ್ದು, ಮರೆತದ್ದು, ಪೆಟ್ಟಿಗೆಯ ಪರದೆ ನೋಡಿದ್ದು.

ಅವರು ಕೇಳಿದ್ದು ಇಷ್ಟೇ: "ಅಂದ್ರ ನನ್ನ ಕಾಲು ನೆಟ್ಟಗದ?"

"ನೆಟ್ಟಗಿದೆ ಅಂಕಲ್."

"ಖರೇನ?"

"ನಿಜವಾಗ್ಲೂ."

ಅವರ ಕಣ್ಣು ತುಂಬಿಕೊಂಡಿತು. ಟೇಬಲ್ಲಿನ ಕೆಳಗೆ ಬಗ್ಗಿ, ಕಾಲ ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿಕೊಂಡರು. ನಾನು ಕ್ಷಮೆ ಕೇಳಿದೆ. ಬೈಯುತ್ತಾರೆ, ಇಲ್ಲವೇ 'ಹೋಗಲಿ ಬಿಡು' ಅನ್ನುತ್ತಾರೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ.

"ಮೈಕ್‌ನ್ಯಾಗ ಹೇಳಿದ್ದಿ ಅಲ್ಲಾ ನೀ?" ಎಂದರು ಮೆಲ್ಲಗೆ. "ಮೈಕ್‌ನ್ಯಾಗೇ ಹೇಳು."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನ ತಿಂಗಳೇ ಹ್ಯೂಸ್ಟನ್‌ನಲ್ಲಿ ಕಾರ್ಯಕ್ರಮವಿತ್ತು. ಅಂಕಲ್ ತಾವೇ ಮಗಳ ಜೊತೆ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮೂರನೆಯ ಸಾಲಿನಲ್ಲಿ ಕೂತಿದ್ದರು. ಹಾಡುಗಳ ನಡುವೆ ಮೈಕ್ ನನ್ನ ಕೈಗೆ ಬಂತು. ಬಾಯಿ ತೆರೆದೆ. ಡಾಕ್ಟರ್ ಪಕ್ಕದಲ್ಲಿದ್ದರು, ನನ್ನ ಮಗಳು ಮುಂದೆಯೇ ಕೂತು ವಿಡಿಯೋ ಮಾಡುತ್ತಿದ್ದಳು. "ಈ ದನಿಗಳನ್ನೆಲ್ಲ ನನಗೆ ಕಲಿಸಿದ ಗುರುಗಳು ಇಲ್ಲೇ ಇದ್ದಾರೆ, ಅವರಿಗೆ ಒಂದು ಜೋರಾದ ಚಪ್ಪಾಳೆ" ಎಂದೆ. ಜನ ಚಪ್ಪಾಳೆ ತಟ್ಟಿದರು. ಅಂಕಲ್ ಎದ್ದು, ಕೈ ಮುಗಿದು, ಕೂತರು. ನಾನು ಮತ್ತೇನಾದರೂ ಹೇಳುತ್ತೇನೇನೋ ಎಂದು ನನ್ನನ್ನೇ ನೋಡುತ್ತಿದ್ದರು. ನಾನು ತಬಲಾದವನಿಗೆ ಸನ್ನೆ ಮಾಡಿದೆ.

ಮುಂದಿನ ಸಲ ಖಂಡಿತ ಅಂದುಕೊಂಡೆ. ಮುಂದಿನ ಸಲದ ಹೊತ್ತಿಗೆ ಅವರಿರಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ, ಊಟ ಮಾಡಿ ಸೋಫಾದಲ್ಲಿ ಒರಗಿದವರು ಏಳಲಿಲ್ಲ. ಹೃದಯ ನಿಂತಿತಂತೆ. ಆ ವೇಳೆಗೆ ಅವರು ಮತ್ತೆ ಡ್ರೈವ್ ಮಾಡುತ್ತಿದ್ದರು ಎಂಬುದೊಂದೇ ನನಗೆ ಸಮಾಧಾನ. ಅದರಿಂದಲೂ ನಾಚಿಕೆ ಕಡಿಮೆಯಾಗುವುದಿಲ್ಲ.

ಮರುವರ್ಷ ಆಸ್ಟಿನ್‌ನವರು ಮತ್ತೆ ಕರೆದರು. ಅದೇ ಸಭಾಂಗಣ, ಬಹುಪಾಲು ಅವೇ ಮುಖಗಳು. ಹಾಡು ಶುರುವಾಗುವ ಮೊದಲೇ ಮೈಕ್ ತೆಗೆದುಕೊಂಡು, ನಡೆದದ್ದನ್ನು ನಡೆದಂತೆ ಹೇಳಿದೆ. ಕಾಲು ತಪ್ಪಿರಲಿಲ್ಲ, ತಪ್ಪು ನನ್ನದು, ಗೊತ್ತಿದ್ದೂ ಸುಳ್ಳು ಹೇಳಿದೆ, ಆ ಸುಳ್ಳಿನಿಂದ ಅವರು ವೇದಿಕೆ ಕಳೆದುಕೊಂಡರು ಎಂದೆ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಊಟದ ಸಾಲಿನಲ್ಲಿ ತಿಳಿಯಿತು. ಬಡಿಸುತ್ತಿದ್ದ ಆಂಟಿಯೊಬ್ಬರು ಕಣ್ಣೊರೆಸಿಕೊಂಡು ಹೇಳಿದರು: "ಎಂಥ ದೊಡ್ಡ ಮನಸ್ಸಪ್ಪ ನಿಂದು. ಹೋದವರ ತಪ್ಪನ್ನ ನಿನ್ನ ಮೇಲೆ ಹಾಕ್ಕೊಂಡೆಯಲ್ಲ."

"ಇಲ್ಲ ಆಂಟಿ, ನಿಜವಾಗ್ಲೂ ತಪ್ಪು ನಂದೇ."

"ಗೊತ್ತು ಬಿಡು" ಎಂದು ನಕ್ಕು, ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟರು.

ಹಿಂದೆ ಸಾಲು ಕಾಯುತ್ತಿತ್ತು. ಪಕ್ಕಕ್ಕೆ ಸರಿದು, ನಿಂತುಕೊಂಡೇ ಅದನ್ನು ತಿಂದೆ.