ಅಪ್ಪನ ಖಲಾಸ್

ಹುಬ್ಬಳ್ಳಿ ಕಡೆಯ ನಮ್ಮ ಮನೆಯಲ್ಲಿ ‘ಖಲಾಸ್’ ಎಂದರೆ ಬೆಲ್ಟು. ಕೆಲಸದಿಂದ ಬಂದ ಅಪ್ಪನ ಕಿವಿಗೆ ನನ್ನದೇನಾದರೂ ತಪ್ಪು ಬಿದ್ದರೆ ಮುಗಿಯಿತು, ‘ಇವತ್ತ ಇಕಿ ಖಲಾಸ್’ ಎನ್ನುತ್ತ ಬಕಲ್ಲಿಗೆ ಕೈ ಹಾಕುತ್ತಿದ್ದರು. ಆಮೇಲೆ ಅವ್ವ ಬಾಸುಂಡೆಗೆ ಎಣ್ಣೆ ಹಚ್ಚುತ್ತಿದ್ದಳು. ಅದರ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಅಂಥ ನನಗೆ ಕೆಲಸ ಸಿಕ್ಕಿದ್ದು ಕುವೈತಿನಲ್ಲಿ, ಜಹ್ರಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ. ಇಲ್ಲಿಯ ಅರಬ್ಬಿಯಲ್ಲಿ ಖಲಾಸ್ ಎಂದರೆ ಮುಗಿಯಿತು, ಅಷ್ಟೇ. ರಕ್ತ ತೆಗೆದಾಯಿತು, ಖಲಾಸ್. ಚಹಾ ಕುಡಿದಾಯಿತು, ಖಲಾಸ್. ಮೊದಲ ವರ್ಷವಿಡೀ ಆ ಮಾತು ಕೇಳಿದಾಗಲೆಲ್ಲ ನನ್ನ ಹೆಗಲು ಬಿಗಿಯುತ್ತಿತ್ತು. ಸಿರಿಂಜು ಹಿಡಿಯುವವಳೇ ಹೀಗೆ ಬೆಚ್ಚಿದರೆ ರೋಗಿಗಳ ಗತಿಯೇನು!

ಹೋದ ಚಳಿಗಾಲದಲ್ಲಿ ಅಪ್ಪ ಒಂದು ತಿಂಗಳ ಮಟ್ಟಿಗೆ ಬಂದರು. ಗಂಡನಿಗೆ ಖುಷಿ, ಎಂಟು ವರ್ಷದ ಮಗಳಿಗೆ ಇನ್ನೂ ಖುಷಿ. ನಾನು ಮಾತ್ರ ಅಜ್ಜ-ಮೊಮ್ಮಗಳಿಬ್ಬರನ್ನೇ ಬಿಟ್ಟು ಸ್ನಾನಕ್ಕೂ ಹೋಗುತ್ತಿರಲಿಲ್ಲ. ಇವಳ ಮೈಮೇಲೆ ಆ ಕೈ ಬೀಳಬಾರದು ಎಂಬುದೊಂದೇ ನನ್ನ ಹಟ.

ಒಂದು ಮಧ್ಯಾಹ್ನ ಗಂಡ ಡ್ಯೂಟಿಗೆ ಹೋಗಿದ್ದಾಗ, ಊಟಕ್ಕೆ ಕೂತ ಮಗಳು ಸಾರಿನ ಬಟ್ಟಲು ಉರುಳಿಸಿದಳು. ಎಲ್ಲ ಅಪ್ಪನ ಬಿಳಿ ಧೋತರದ ಮೇಲೆ. ಅಪ್ಪ ಎದ್ದು ನಿಂತು ‘ಖಲಾಸ್!’ ಎಂದರು. ಕೈ ಸೊಂಟಕ್ಕೆ ಹೋಯಿತು. ಧೋತರಕ್ಕೆಲ್ಲಿಯ ಬೆಲ್ಟು? ಅಷ್ಟರಲ್ಲಿ ನಾನು ಸೌಟು ಹಿಡಿದೇ ಇಬ್ಬರ ನಡುವೆ ನುಗ್ಗಿದ್ದೆ.

ಮಗಳು ಕುವೈತಿನಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಕೇಳಿಸಿದ್ದು ಇಲ್ಲಿಯ ಖಲಾಸ್. ಊಟ ಮುಗಿಯಿತೆಂದುಕೊಂಡು ‘ಓಕೆ ಅಜ್ಜಾ’ ಎಂದವಳೇ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ನಡೆದಳು.

ನನಗೆ ನಗು ಬಂತು, ಆದರೂ ಸೌಟು ಕೆಳಗಿಳಿಸಲಿಲ್ಲ. ‘ಅಪ್ಪಾ, ನಿಮ್ಮ ಬಾಯಾಗ ಆ ಮಾತ ಕೇಳಿದ್ರ ನಾ ಇನ್ನೂ ನಡಗತೀನಿ’ ಎಂದೆ. ಅಷ್ಟು ಹೇಳಲು ನನಗೆ ಮೂವತ್ತು ವರ್ಷ ಬೇಕಾಯಿತು.

ಅಪ್ಪ ಕುರ್ಚಿಯಲ್ಲಿ ಕುಸಿದರು. ‘ಸಣ್ಣಾಕಿ ಇದ್ದಿ. ಮರತಿರಬೇಕು ಅಂದ್ಕೊಂಡಿದ್ದೆ.’

‘ನೀವ ಮರತೀರೇನ್ರಿ?’

‘ಇಲ್ಲವಾ. ಎಲ್ಲಾ ನೆನಪೈತಿ. ತಪ್ಪ ಮಾಡೀನಿ.’

ಆಗಲೇ ಕ್ಷಮಿಸಿಬಿಟ್ಟೆ ಎಂದರೆ ಸುಳ್ಳು. ನೆನಪಿಟ್ಟುಕೊಂಡೂ ಇಷ್ಟು ವರ್ಷ ಸುಮ್ಮನಿದ್ದರಲ್ಲ ಎಂದು ಸಿಟ್ಟೇ ಬಂತು. ಆದರೆ ‘ತಪ್ಪ ಮಾಡೀನಿ’ ಎಂಬ ಮಾತು ನನಗೆ ಅವರ ಬಾಯಿಂದಲೇ ಬೇಕಿತ್ತು.

ಮಗಳು ಕೈ ಒರೆಸಿಕೊಳ್ಳುತ್ತ ವಾಪಸು ಬಂದಳು. ಅಪ್ಪ ಮೆಲ್ಲಗೆ ಕೇಳಿದರು, ‘ನಾ ಎದ್ದ ನಿಂತಾಗ ಅಂಜಿದ್ಯೇನವಾ?’

ಅವಳು ಅಜ್ಜನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ‘ವೈ?’ ಎಂದಳು.

ಯಾಕೆ ಅಂಜಬೇಕೆಂಬುದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸಮಾಧಾನವಾಗುವಷ್ಟು ಅತ್ತೆ.