ಬೇಲಿಯಾಚೆಗೆ ಒಂದು ಇಂಚು

ಮಾರ್ಚ್ ತಿಂಗಳ ನಾಪೋಕ್ಲುವಿನ ಟೀ ಅಂಗಡಿಯಲ್ಲಿ ಯಾರೂ ಕ್ಷೇಮ ಕೇಳುವುದಿಲ್ಲ, "ನಿಮ್ಮಲ್ಲಿ ಎಷ್ಟು ಸೆಂಟ್?" ಎನ್ನುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು ಮಳೆ. ಅಷ್ಟು ಬಾರದಿದ್ದರೆ ಕಾಫಿ ಮೊಗ್ಗು ಅರಳದೆ ಗಿಡದಲ್ಲೇ ಕರಟುತ್ತದೆ. ಹಾಗಾಗಿ ಮನೆಮನೆಯ ಅಂಗಳದಲ್ಲೂ ಮಳೆ ಅಳೆಯುವ ರೈನ್‌ಗೇಜ್.

ನನ್ನ ಬೆಂಚಿನಲ್ಲಿ ಪೂವಕ್ಕ, ಎದುರಿಗೆ ಅವರ ಪಕ್ಕದ ತೋಟದ ಬೆಳ್ಯಪ್ಪಣ್ಣ ಕೂತಿದ್ದರು. ಪೂವಕ್ಕನ ಎಸ್ಟೇಟಿಗೆ ಲೆಕ್ಕ ಬರೆಯಲು ಹೊಸದಾಗಿ ಸೇರಿದ ರೈಟರ್ ಸುರೇಶ ಓಡಿಬಂದ.

"ಅಕ್ಕಾ, ಒಂದು ಇಂಚು ಐದು ಸೆಂಟ್! ರಾತ್ರಿ ಸುರಿದಿದೆ, ನಿದ್ದೆಯಲ್ಲಿ ನಂಗೆ ಗೊತ್ತೇ ಆಗಿಲ್ಲ."

ಬೆಳ್ಯಪ್ಪಣ್ಣನ ಮುಖ ಸಪ್ಪಗಾಯಿತು. "ನಮ್ಮಲ್ಲಿ ಹನಿಯೂ ಬೀಳಲಿಲ್ಲವಲ್ಲ. ಮಧ್ಯೆ ಇರೋದು ಒಂದು ಬೇಲಿ!"

ನಾನಂತೂ ನಂಬಿಬಿಟ್ಟೆ. ಬೆಳಿಗ್ಗೆ ಹಾರಂಗಿಯ ಬಿಸಿಲು, ಧೂಳು ತಿಂದು ಬಂದವನು ನಾನು. ನಾಲ್ಕು ಗುಡ್ಡ ದಾಟುವಷ್ಟರಲ್ಲಿ ಹವೆಯೇ ಬೇರೆಯಾಗಿತ್ತು. ಬೇಲಿ ದಾಟಿದರೂ ಆಗಬಾರದೇಕೆ?

ಪೂವಕ್ಕ ಲೋಟ ಕೆಳಗಿಟ್ಟರು. "ಸುರೇಶ, ನಿನ್ನೆ ಸಂಜೆ ಸ್ಪ್ರಿಂಕ್ಲರ್ ಎಲ್ಲಿಟ್ಟು ನೀರು ಬಿಟ್ಟಿದ್ದೆ?"

ಅವನು ತಲೆ ಕೆರೆದುಕೊಂಡ. "ರೈನ್‌ಗೇಜ್ ಪಕ್ಕದಲ್ಲೇ ಅಕ್ಕಾ."

ಬೆಳ್ಯಪ್ಪಣ್ಣ ನಕ್ಕು ನಕ್ಕು ಕೆಮ್ಮಿದರು. ಅವರ ಕೆಮ್ಮು ನಿಲ್ಲುವವರೆಗೆ ಪೂವಕ್ಕ ಕಾದರು.

"ನಿಮ್ಮ ಕೆರೆ ಬತ್ತಿದೆ ಅಲ್ವಾ ಅಣ್ಣಾ? ನಾಳೆ ನಮ್ಮ ಪೈಪ್ ಬೇಲಿ ದಾಟಿಸ್ತೇನೆ. ನಿಮಗೂ ಒಂದು ಇಂಚು ಬರ್ಲಿ. ರೈನ್‌ಗೇಜ್ ಮಾತ್ರ ಒಳಗೆ ಎತ್ತಿಡಿ."