ಪುಟ್ಟಬಸಪ್ಪ ಕೂಗದ ಬೆಳಿಗ್ಗೆ

ತಿಗನಾರೆಯ ಪುಟ್ಟಬಸಪ್ಪನ ಗಂಟಲು ಸಾಮಾನ್ಯದ್ದಲ್ಲ. ಹೊಲದ ಬದುವಿನ ಮೇಲೆ ನಿಂತು "ಆನ ಬಂದ್ವೋ!" ಎಂದು ಕೂಗಿದರೆ ಅರ್ಧ ಮೈಲಿ ಆಚೆ ದನ ಕಟ್ಟುತ್ತಿದ್ದವರೂ ಹಗ್ಗ ಬಿಟ್ಟು ಓಡುತ್ತಿದ್ದರು. ಆನೆ ಕಂಡವನು ಅಕ್ಕಪಕ್ಕದ ಹೊಲದವರನ್ನು ಹೆಸರು ಹಿಡಿದು ಕೂಗಬೇಕು, ಅವರು ಓಗೊಡುವ ತನಕ ನಿಲ್ಲಿಸಬಾರದು. ಅದು ಅಲ್ಲಿನ ರೂಢಿ. ಇಪ್ಪತ್ತು ವರ್ಷ ಅವನು ಅದನ್ನು ತಪ್ಪಿಸಿದವನಲ್ಲ. ಮದುವೆ ಮನೆಯಲ್ಲಿ ಮೈಕು ಕೈಕೊಟ್ಟರೂ ಅವನನ್ನೇ ಹುಡುಕುತ್ತಿದ್ದರು. ಅವನೂ ಸ್ವಲ್ಪ ಬೀಗುತ್ತಿದ್ದ ಅನ್ನಿ.

ಆಮೇಲೆ ಊರಿಗೊಂದು ವಾಟ್ಸಾಪ್ ಗುಂಪು ಬಂತು. ಆನೆ ಕಂಡರೆ ಅದರಲ್ಲಿ ಹಾಕಿದರಾಯಿತು. ಮೊದಮೊದಲು ಪುಟ್ಟಬಸಪ್ಪ ಅದರಲ್ಲೂ ಹಾಕುತ್ತಿದ್ದ, ಕೂಗುತ್ತಲೂ ಇದ್ದ. ಬರಬರುತ್ತಾ ಕೂಗು ನಿಂತಿತು. ಹಾಕಿದ ಕೂಡಲೇ ಸಾಲಾಗಿ ಬಂದು ನಿಲ್ಲುವ ಹೆಬ್ಬೆರಳುಗಳನ್ನು ನೋಡುವ ಚಟ ಬೇರೆ ಹತ್ತಿತು.

ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಪಕ್ಕದ ಚಿಕ್ಕಮಾದಮ್ಮನ ಜೋಳದ ಹೊಲಕ್ಕೆ ಮೂರು ಆನೆ ಇಳಿದವು. ಪುಟ್ಟಬಸಪ್ಪ ಫೋಟೋ ತೆಗೆದ, ಗುಂಪಿಗೆ ಹಾಕಿದ. ಹೊಲದ ಮನೆಯ ಜಗಲಿ ಮೇಲೆ ಕೂತು, ಹೆಂಡತಿ ಶಿವಮಲ್ಲಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಹೆಬ್ಬೆರಳು ಎಣಿಸಿದ. ಇಪ್ಪತ್ತಾರು. ಒಂಟಿ ಮುದುಕಿ ಚಿಕ್ಕಮಾದಮ್ಮನ ಹತ್ತಿರ ಫೋನೇ ಇಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೊಳೆಯಲಿಲ್ಲ, ಅಷ್ಟೆ. ಥೂ, ಎಂಥ ಅಷ್ಟೆ!

ಜೋಳದ ಮರೆಯಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಮುದುಕಿ ಆನೆ ಕಂಡು ಎದ್ದುಬಿದ್ದು ಓಡಿ, ಬದುವಿನಿಂದ ಜಾರಿ ಸೊಂಟ ಮುರಿದುಕೊಂಡಳು. ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನ ಗಾಡಿಯವರು ಆಸ್ಪತ್ರೆಗೆ ಸೇರಿಸಿದರು. ಪುಟ್ಟಬಸಪ್ಪನಿಗೆ ಈ ಸುದ್ದಿ ಗೊತ್ತಾದದ್ದೂ ಫೋನಿನಲ್ಲೇ.

ಹದಿನೈದು ದಿನ ಅವನು ಆ ಕಡೆ ತಲೆ ಹಾಕಲಿಲ್ಲ. ಚಿಕ್ಕಮಾದಮ್ಮ ಮನೆಗೆ ಬಂದ ಮೇಲೆ ಶಿವಮಲ್ಲಮ್ಮನೇ ಬೈದು ಹೊರಡಿಸಿ, ತಾನೂ ಜೊತೆಗೆ ಹೊರಟಳು. ತಪ್ಪೊಪ್ಪಿಕೊಂಡು ಕಾಲಿಗೆ ಬೀಳಬೇಕು ಅಂತಲೇ ಹೋದ.

ಮುದುಕಿ ಮಲಗಿದಲ್ಲಿಂದಲೇ ಮುಖ ಅರಳಿಸಿದಳು. "ಬಾ ಮಗ, ಕೂತ್ಕ. ಅವತ್ತು ನೀ ಊರ್ಲಿ ಇರ್ನಿಲ್ಲ ಅಲ್ವಾ? ನಂಗ ಗೊತ್ತು ಕಣಪ್ಪ. ಇದ್ದಿದ್ರ ನನ್ನ ಕೂಗ್ದೆ ಬುಡ್ತಿದ್ಯಾ? ಆಸ್ಪತ್ರೇಲಿ ಕೇಳ್ದವ್ರಿಗೆಲ್ಲ ಅದ್ನೇ ಯೋಳ್ದೆ."

ಶಿವಮಲ್ಲಮ್ಮ ಗೋಡೆ ಕಡೆ ತಿರುಗಿದಳು. ಪುಟ್ಟಬಸಪ್ಪನ ಮೈಯೆಲ್ಲ ಹಿಡಿಯಾಯಿತು.

"ಊಂ ಕಣವ್ವ... ಚಾಮರಾಜನಗರಕ್ಕ ಓಗಿದ್ದೆ."

"ಏನಂದ್ಯಪ್ಪಾ? ಕೇಳ್ನಿಲ್ಲ."

ಆ ಸುಳ್ಳನ್ನು ಅವನು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಬೇಕಾಯಿತು.